ತೊಡೆಯ ನೋವು ಉಳುಕಲ್ಲದಾಗ

ಜಪಾನಿನ ಶಸ್ತ್ರವೈದ್ಯ ಮಿಯಾಕೆ 1904ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೀವು ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನು ಆತ ಮೊಲಗಳ ರಕ್ತನಾಳಕ್ಕೇ ನೇರವಾಗಿ ಸೇರಿಸಿದ. ರಕ್ತದ ಜೊತೆ ಅವು ಮೈಯೆಲ್ಲ ಸುತ್ತಿದವು. ಸ್ನಾಯುಗಳಲ್ಲಿ ಮಾತ್ರ ಎಲ್ಲೂ ಕೀವು ಕಟ್ಟಲಿಲ್ಲ. ಮುಂದೆ ಕೆಲವು ಮೊಲಗಳ ಸ್ನಾಯುವನ್ನು ಹಿಂಡಿ ನೋಯಿಸಿದ, ಕೆಲವಕ್ಕೆ ವಿದ್ಯುತ್ ಶಾಕ್ ಕೊಟ್ಟ, ಇನ್ನು ಕೆಲವಕ್ಕೆ ಆ ಭಾಗಕ್ಕೆ ಹೋಗುವ ರಕ್ತವನ್ನು ತಡೆದ. ಆಗ ಪೆಟ್ಟು ತಿಂದ ಸ್ನಾಯುವಿನಲ್ಲೇ ಬಾವು ಎದ್ದಿತು. ರಕ್ತದಲ್ಲಿ ರೋಗಾಣು ಇದ್ದರಷ್ಟೇ ಸಾಲದು, ಸ್ನಾಯು ಮೊದಲೇ ನೊಂದಿರಬೇಕು ಎಂಬುದು ಆ ಮೊಲಗಳಿಂದ ತಿಳಿದುಬಂತು.

ಯೋಚಿಸಿದರೆ ಇದು ಸಣ್ಣ ವಿಸ್ಮಯವೇನಲ್ಲ. ವಯಸ್ಕರ ಮೈತೂಕದಲ್ಲಿ ಸುಮಾರು ಶೇ. 40ರಷ್ಟು ಪಾಲು ಸ್ನಾಯುವಿನದು. ಇಷ್ಟು ದೊಡ್ಡ, ಇಷ್ಟು ಬೆಚ್ಚಗಿನ, ಇಷ್ಟು ಪುಷ್ಟವಾದ ಜಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟವಾಗಬೇಕಿತ್ತು. ಆದರೆ ಸ್ಟೆಫಿಲೊಕಾಕಸ್ ರಕ್ತಕ್ಕೆ ಸೇರಿ ಸತ್ತವರ ಶವಪರೀಕ್ಷೆ ಮಾಡಿ ನೋಡಿದಾಗಲೂ ಸ್ನಾಯುವಿನೊಳಗೆ ಕೀವು ಸಿಕ್ಕಿದ್ದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಇದಕ್ಕೆ ಕಾರಣ ಎರಡು ಎನ್ನುತ್ತಾರೆ. ಸ್ನಾಯುವಿಗೆ ರಕ್ತದ ಹರಿವು ಧಾರಾಳ, ಹಾಗಾಗಿ ಬಿಳಿ ರಕ್ತಕಣಗಳ ಗಸ್ತು ತಪ್ಪುವುದಿಲ್ಲ. ಎರಡನೆಯದು ಕಬ್ಬಿಣ. ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಕಬ್ಬಿಣ ಬೇಕೇ ಬೇಕು. ಸ್ನಾಯುವಿನಲ್ಲಿ ಅದು ಬೇಕಾದಷ್ಟಿದೆ, ಆದರೆ ಮಯೊಗ್ಲೋಬಿನ್ ಎಂಬ ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಪೆಟ್ಟು ಬಿದ್ದು ನಾರುಗಳು ಹರಿದು ರಕ್ತ ಸೋರಿದಾಗ ಆ ಕಬ್ಬಿಣ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೂ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಉಪವಾಸವೇ.

ಇಂಥ ಕೋಟೆಯೊಳಗೆ ಕೀವು ತುಂಬಿತೆಂದರೆ ಕಾವಲು ಎಲ್ಲೋ ಸಡಿಲಾಗಿದೆ ಎಂದೇ ಅರ್ಥ. ಸಡಿಲಾಗುವ ಕಾರಣಗಳು ಹಲವು: ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಅತಿ ಅಪೌಷ್ಟಿಕತೆ, ಮಿತಿಮೀರಿದ ಕುಡಿತ. ನಮ್ಮ ದೇಶದ ಮಟ್ಟಿಗೆ ಇವೆಲ್ಲವನ್ನೂ ಹಿಂದೆ ಹಾಕುವಷ್ಟು ಜನರಲ್ಲಿ ಮನೆಮಾಡಿರುವ ಕಾರಣ ಇನ್ನೊಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಈ ಅಧ್ಯಾಯದಲ್ಲಿ ಬರುವ ರೋಗಗಳೆಲ್ಲ ವಿರಳವೇ, ಅನುಮಾನ ಬೇಡ. ಆದರೆ ವಿರಳವಾದದ್ದನ್ನು ಹತ್ತು ಕೋಟಿಯಿಂದ ಗುಣಿಸಿದಾಗ ಬರುವ ಸಂಖ್ಯೆ ವಿರಳವಾಗಿ ಉಳಿಯುವುದಿಲ್ಲ.

ಸ್ನಾಯುವಿನೊಳಗೆ ಕೀವುಗಟ್ಟುವ ಈ ರೋಗಕ್ಕೆ ಪಯೋಮಯೊಸೈಟಿಸ್ ಎಂದು ಹೆಸರು. ಟೋಕಿಯೋದಲ್ಲಿ ಶಸ್ತ್ರವೈದ್ಯ ಪ್ರಾಧ್ಯಾಪಕನಾಗಿದ್ದ ಜರ್ಮನಿಯ ಯೂಲಿಯಸ್ ಸ್ಕ್ರಿಬಾ 1885ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ. ಅಲ್ಲಿಂದ ಸುಮಾರು ಒಂದು ಶತಮಾನ ಕಾಲ ಇದು ಉಷ್ಣವಲಯದವರ ರೋಗ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ವೈದ್ಯರು ತಮ್ಮಲ್ಲಿನ ಮೊದಲ ಪ್ರಕರಣವನ್ನು ಬರೆದಿಟ್ಟಿದ್ದು 1971ರಲ್ಲಿ. ಆಮೇಲೆ ಅಲ್ಲಿಯೂ ಸಕ್ಕರೆ ಕಾಯಿಲೆ ಹೆಚ್ಚಿತು, ಎಚ್‌ಐವಿ ಬಂತು, ಎಂಆರ್‌ಐ ಯಂತ್ರವೂ ಬಂತು. 'ಉಷ್ಣವಲಯದ' ಎಂಬ ವಿಶೇಷಣ ತಾನಾಗಿಯೇ ಕಳಚಿಬಿತ್ತು.

ಉಷ್ಣವಲಯದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಕಾರಣ ಒಂದೇ ಬ್ಯಾಕ್ಟೀರಿಯಾ, ಸ್ಟೆಫಿಲೊಕಾಕಸ್ ಆರಿಯಸ್. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ಕುರುಗಳ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಂಡ, ಗೊಂಚಲು ಗೊಂಚಲಾಗಿ ಕೂಡಿರುವ ದುಂಡು ಜೀವಿ ಅದು. ಈ ಪುಟ ಓದುತ್ತಿರುವ ನಾಲ್ಕೈದು ಜನರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಅದು ಈಗಲೂ ಇದೆ, ಯಾವ ತಕರಾರೂ ಮಾಡದೆ. ಚರ್ಮದ ಗೀರು, ಒಡೆದ ಹಿಮ್ಮಡಿ, ಕೊಳಕು ಸೂಜಿ, ಸಣ್ಣ ಕುರು, ಹೀಗೆ ಎಲ್ಲಿಂದಲೋ ರಕ್ತಕ್ಕೆ ಇಳಿಯುತ್ತದೆ. ತೊಡೆ, ಪೃಷ್ಠ, ಸೊಂಟದೊಳಗಿನ ಆಳದ ಸ್ನಾಯು ಇವು ಅದಕ್ಕೆ ಮೆಚ್ಚಿನ ತಾಣಗಳು.

ರೋಗ ಮೂರು ಹಂತದಲ್ಲಿ ನಡೆಯುತ್ತದೆ, ಮತ್ತು ಮೊದಲನೆಯದೇ ಎಲ್ಲರನ್ನೂ ದಾರಿ ತಪ್ಪಿಸುವಂಥದ್ದು. ಮೊದಲ ವಾರ ಎರಡು ವಾರ ಇರುವುದು ಸೆಳೆತದಂಥ ನೋವು, ಬಂದುಹೋಗುವ ಸಣ್ಣ ಜ್ವರ, ಮುಟ್ಟಿದರೆ ಹಲಗೆಯಂತೆ ಗಟ್ಟಿಯಾದ ತೊಡೆ. ಚರ್ಮ ಕೆಂಪಾಗುವುದಿಲ್ಲ, ಏಕೆಂದರೆ ಬಾವು ಇರುವುದು ಸ್ನಾಯುವಿನ ಹೊದಿಕೆಯ ಅಡಿಯಲ್ಲಿ. ಒತ್ತಿದರೆ ಕೀವಿನ ತುಳುಕಾಟ ಸಿಗುವುದಿಲ್ಲ, ಏಕೆಂದರೆ ಕೀವು ಇನ್ನೂ ಕೂಡಿಲ್ಲ. ಹೊಟ್ಟೆಯ ಹಿಂಬದಿಯ ಸ್ನಾಯುವಿನಲ್ಲಾದರೆ ರೋಗಿ ತೊಡೆಯನ್ನು ಮಡಚಿಕೊಂಡೇ ಮಲಗುತ್ತಾನೆ, ನೋಡಿದವರಿಗೆ ಅಪೆಂಡಿಸೈಟಿಸ್‌ನಂತೆಯೋ ಬೆನ್ನುಮೂಳೆಯ ತೊಂದರೆಯಂತೆಯೋ ಕಾಣುತ್ತದೆ. ಎರಡನೆಯ ಹಂತದಲ್ಲಿ ಕೀವು ತುಂಬಿ, ಜ್ವರ ಏರಿ, ನಡೆಯಲಾಗದಂತೆ ಆಗುತ್ತದೆ. ಬಹುಪಾಲು ರೋಗಿಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಆಗಲೇ. ಮೂರನೆಯದರಲ್ಲಿ ನಂಜು ರಕ್ತವನ್ನೆಲ್ಲ ವ್ಯಾಪಿಸಿ ಮೂತ್ರಪಿಂಡ, ಶ್ವಾಸಕೋಶ, ಹೃದಯದ ಕವಾಟಗಳಿಗೆ ತಗಲಿಕೊಳ್ಳುತ್ತದೆ.

ಮೊದಲ ಹಂತದಲ್ಲಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಯಾರಾದರೂ ಊಹಿಸಬಹುದು. "ಎಲ್ಲೋ ಉಳುಕಿರಬೇಕು" ಎನ್ನುತ್ತಾರೆ. ಎಣ್ಣೆ ಬಿಸಿಮಾಡಿ ತಿಕ್ಕುತ್ತಾರೆ, ಶಾಖ ಕೊಡುತ್ತಾರೆ, ನೀವುವವರ ಬಳಿಗೆ ಕರೆದೊಯ್ಯುತ್ತಾರೆ, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿಸುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಉಳುಕೇ ಆಗಿರುತ್ತದೆ, ಎಣ್ಣೆಯಿಂದ ಹಿತವೂ ಆಗುತ್ತದೆ. ಉಳಿದ ಒಂದು ಸಲ, ಬಲವಾಗಿ ಹಿಸುಕಿ ತಿಕ್ಕುವ ಆ ಕೈಗಳು ಮಿಯಾಕೆ ಮೊಲಗಳಿಗೆ ಮಾಡಿದ್ದನ್ನೇ ಮಾಡುತ್ತಿರುತ್ತವೆ. ನೋವಿನ ಮಾತ್ರೆ ಜ್ವರವನ್ನೂ ಇಳಿಸಿ ಇದ್ದೊಂದು ಸುಳಿವನ್ನೂ ಅಳಿಸಿಹಾಕುತ್ತದೆ. ಉಳುಕಿಗೆ ಜ್ವರ ಬರುವುದಿಲ್ಲ ಎಂಬ ಒಂದೇ ಒಂದು ಮಾತು ಊರೂರಿನ ಎಣ್ಣೆ ತಿಕ್ಕುವವರಿಗೆ ತಲುಪಿದರೂ ಹಲವು ಕಾಲುಗಳು ಉಳಿದಾವು.

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಿಹಿ ಸಿಗುತ್ತದೆ, ಹಾಗಾಗಿ ಕೀವಾಗುತ್ತದೆ ಎಂಬುದು ಜನಪ್ರಿಯ ವಿವರಣೆ. ಕೇಳಲು ಸೊಗಸಾಗಿದೆ, ಆದರೆ ಅಸಲಿ ಕಥೆ ಇನ್ನೂ ಸೂಕ್ಷ್ಮ. ಬ್ಯಾಕ್ಟೀರಿಯಾಗಳ ಮೇಲೆ ಮೊದಲು ಎರಗುವ ಬಿಳಿ ರಕ್ತಕಣಕ್ಕೆ ನ್ಯೂಟ್ರೊಫಿಲ್ ಎಂದು ಹೆಸರು. ಅದು ರಕ್ತನಾಳದ ಗೋಡೆಗೆ ಅಂಟಿ, ನುಸುಳಿ ಹೊರಬಂದು, ರಾಸಾಯನಿಕ ಜಾಡು ಹಿಡಿದು ಸಾಗಿ, ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದರೆ ಕೆಲಸ ಮುಗಿಯಲಿಲ್ಲ, ಕೊಲ್ಲಬೇಕು. ಕೊಲ್ಲಲು ಅದು ಆಮ್ಲಜನಕವನ್ನು ಸೂಪರ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್‌ನಂಥ ಸುಡುವಸ್ತುಗಳಾಗಿ ಬದಲಿಸುತ್ತದೆ. ಈ ಬದಲಾವಣೆಗೆ ಎನ್‌ಎಡಿಪಿಎಚ್ ಎಂಬ ಅಣು ಇಂಧನ. ಸಕ್ಕರೆ ವಿಪರೀತವಾದಾಗ ಕೋಶಗಳು ಹೆಚ್ಚುವರಿ ಗ್ಲೂಕೋಸನ್ನು ಸಾರ್ಬಿಟಾಲ್ ಆಗಿ ಪರಿವರ್ತಿಸುವ ಅಡ್ಡದಾರಿ ಹಿಡಿಯುತ್ತವೆ. ಆ ಅಡ್ಡದಾರಿಯೂ ಬಳಸುವುದು ಇದೇ ಎನ್‌ಎಡಿಪಿಎಚ್ ಅನ್ನು! ಮದ್ದುಗುಂಡಿಗೆಂದು ಇಟ್ಟ ಸಾಮಗ್ರಿ ಸಕ್ಕರೆ ಕರಗಿಸುವುದರಲ್ಲೇ ಖರ್ಚಾಗಿಬಿಡುತ್ತದೆ. ಕಣಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಲ್ಯಾಬ್ ವರದಿಯಲ್ಲಿ ಅದು ಏರಿಯೇ ಇರುತ್ತದೆ. ಆದರೆ ಅವು ನಿಧಾನವಾಗಿ ಬರುತ್ತವೆ, ಅರೆಮನಸ್ಸಿನಿಂದ ನುಂಗುತ್ತವೆ, ನುಂಗಿದ್ದನ್ನು ಸರಿಯಾಗಿ ಕೊಲ್ಲುವುದಿಲ್ಲ.

ಇದರ ಮೇಲೆ ವರ್ಷಗಟ್ಟಲೆ ಏರಿದ ಸಕ್ಕರೆ ಸಣ್ಣ ರಕ್ತನಾಳಗಳ ಗೋಡೆಯನ್ನು ದಪ್ಪಗಾಗಿಸಿರುತ್ತದೆ. ಆಮ್ಲಜನಕ ಕಡಿಮೆ ತಲುಪುವ ಅಂಗಾಂಶದಲ್ಲಿ ಬಿಳಿಕಣ ಕೈಕಟ್ಟಿ ನಿಲ್ಲುತ್ತದೆ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಕುಣಿಯುತ್ತವೆ. ಔಷಧವೂ ರಕ್ತದ ದಾರಿಯಲ್ಲೇ ಬರಬೇಕಲ್ಲ, ಅದೂ ಅರ್ಧಂಬರ್ಧ ತಲುಪುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ನರಗಳಿಗೆ ಆಗುವ ಹಾನಿ. ಪಾದದ ಸ್ಪರ್ಶಜ್ಞಾನ ಹೋದವರಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಮುಳ್ಳು ಬಿಡಿ, ಒಳಗೆ ಸ್ನಾಯು ಕೊಳೆಯುತ್ತಿರುವ ನೋವೂ ಮಂಕಾಗಿ ತಲುಪುತ್ತದೆ. ಸಕ್ಕರೆ ಕಾಯಿಲೆ ಕಾವಲುಗಾರನನ್ನು ಮಂಪರಿಗೆ ಕೆಡವುವುದಷ್ಟೇ ಅಲ್ಲದೆ ಕರೆಗಂಟೆಯ ತಂತಿಯನ್ನೂ ಕತ್ತರಿಸಿರುತ್ತದೆ. ವೈದ್ಯರು ಇಂಥ ರೋಗಗಳಿಗೆ ಹೇಳಿಕೊಟ್ಟ ಮುಖ್ಯ ಲಕ್ಷಣವೇ 'ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಹೆಚ್ಚಿನ ನೋವು'. ಯಾರಿಗೆ ರೋಗದ ಅಪಾಯ ಹೆಚ್ಚೋ ಅವರಲ್ಲೇ ಆ ಲಕ್ಷಣ ಮಸುಕಾಗಿರುವುದು ಈ ವಿಷಯದ ದೊಡ್ಡ ತೊಡಕು.

ನೋವು ಕೈಕೊಟ್ಟಾಗ ಬೇರೊಂದು ಸುಳಿವು ನೆರವಿಗೆ ಬರುತ್ತದೆ. ಸೋಂಕು ತಗುಲಿದಾಗ ಶರೀರ ಸುರಿಸುವ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಸಕ್ಕರೆಯನ್ನು ಮೇಲಕ್ಕೆ ತಳ್ಳುತ್ತವೆ. ಊಟ ಅದೇ, ಮಾತ್ರೆ ಅದೇ, ಆದರೂ ಮೂರು ದಿನದಿಂದ ಶುಗರ್ ಇಳಿಯುತ್ತಲೇ ಇಲ್ಲ ಎಂದರೆ ಮದುವೆಮನೆಯ ಹೋಳಿಗೆಯನ್ನೇ ದೂರಿಕೊಂಡು ಕೂರಬಾರದು. ಮೈಯಲ್ಲಿ ಎಲ್ಲಾದರೂ ಸೋಂಕು ಅವಿತಿದೆಯೇ ಎಂದು ಹುಡುಕಬೇಕು. ಎಷ್ಟೋ ಜನರಿಗೆ ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲ ಸಲ ಗೊತ್ತಾಗುವುದೇ ಕೀವು ತೆಗೆಸಲು ಆಸ್ಪತ್ರೆ ಸೇರಿದಾಗ. ಸಮಾಧಾನದ ಸಂಗತಿಯೆಂದರೆ ನ್ಯೂಟ್ರೊಫಿಲ್‌ಗಳ ಮಂಪರು ಶಾಶ್ವತವಲ್ಲ. ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಹದಕ್ಕೆ ತಂದರೆ ಅವುಗಳ ಚುರುಕು ಬಹುಮಟ್ಟಿಗೆ ಮರಳುತ್ತದೆ. ನರಕ್ಕೂ ನಾಳಕ್ಕೂ ಆದ ಹಾನಿ ಅಷ್ಟು ಸುಲಭಕ್ಕೆ ಮರಳುವುದಿಲ್ಲ.

ಇಲ್ಲಿ ಒಂದು ಅಡ್ಡಮಾತು. ಸಕ್ಕರೆ ಕಾಯಿಲೆ ಹಳತಾದವರ ತೊಡೆ ಇದ್ದಕ್ಕಿದ್ದಂತೆ ಊದಿ ನೋಯುವುದಕ್ಕೆ ಬ್ಯಾಕ್ಟೀರಿಯಾಗಳ ಕೈವಾಡವಿಲ್ಲದ ಕಾರಣವೂ ಇದೆ. ರಕ್ತ ಸಾಲದೆ ಸ್ನಾಯುವಿನ ಒಂದು ಭಾಗ ತಾನಾಗಿ ಸಾಯುತ್ತದೆ. ಸ್ವೀಡನ್ನಿನ ಇಬ್ಬರು ವೈದ್ಯರು 1965ರಲ್ಲಿ ಇದನ್ನು ವಿವರಿಸಿದಾಗ ಗೆಡ್ಡೆಯಂತೆ ಕಾಣುವ ಸ್ನಾಯುನಾಶ ಎಂದು ಬರೆದರು. ನೋಟಕ್ಕೆ ಕೀವಿನ ಬಾವಿನ ತದ್ರೂಪಿ, ಚಿಕಿತ್ಸೆ ಮಾತ್ರ ತಿರುವುಮುರುವು. ಕೀವಾದರೆ ಕೊಯ್ದು ತೆಗೆಯಬೇಕು. ಇದಾದರೆ ಕತ್ತಿ ತಾಗಿಸದೆ ವಿಶ್ರಾಂತಿ ಕೊಟ್ಟು ಕಾಯಬೇಕು, ವಾರಗಳಲ್ಲಿ ತಾನೇ ಮಾಯುತ್ತದೆ. ಎರಡನ್ನೂ ಬೇರ್ಪಡಿಸಲು ಎಂಆರ್‌ಐ, ರಕ್ತಪರೀಕ್ಷೆ, ಬೇಕಾದರೆ ಸೂಜಿಯಿಂದ ತೆಗೆದ ಮಾದರಿ. ಸ್ಕ್ಯಾನಿಂಗ್ ಬರೆದುಕೊಟ್ಟ ವೈದ್ಯರೆಲ್ಲ ದುಡ್ಡು ಕೀಳುವವರು ಎಂದು ಗೊಣಗುವ ಮೊದಲು ಈ ಜೋಡಿಯನ್ನು ನೆನೆಯುವುದು ಒಳ್ಳೆಯದು.

ಪಯೋಮಯೊಸೈಟಿಸ್ ಕೊನೆಗೂ ಸ್ವಲ್ಪ ತಾಳ್ಮೆಯ ರೋಗ, ದಿನಗಳ ಲೆಕ್ಕದಲ್ಲಿ ನಡೆಯುವಂಥದ್ದು. ಗಂಟೆಗಳ ಲೆಕ್ಕದಲ್ಲಿ ನಡೆಯುವುದು ಅದರ ಬಂಧು ನೆಕ್ರೊಟೈಸಿಂಗ್ ಫೇಶಿಯೈಟಿಸ್. ಕಿತ್ತಳೆಯ ತೊಳೆಗಳನ್ನು ಸುತ್ತಿರುವ ಬಿಳಿ ಪೊರೆಯಂತೆ ನಮ್ಮ ಪ್ರತಿಯೊಂದು ಸ್ನಾಯುವನ್ನೂ ಫೇಶಿಯಾ ಎಂಬ ಪೊರೆ ಸುತ್ತಿರುತ್ತದೆ. ಆ ಪೊರೆಗೆ ಸ್ನಾಯುವಿನಷ್ಟು ರಕ್ತ ಹರಿಯುವುದಿಲ್ಲ. ಬ್ಯಾಕ್ಟೀರಿಯಾ ಅಲ್ಲಿ ಹೊಕ್ಕರೆ ಪದರದುದ್ದಕ್ಕೂ ಓಡುತ್ತದೆ, ದಾರಿಯಲ್ಲಿ ಸಿಕ್ಕ ರಕ್ತನಾಳಗಳನ್ನು ಹೆಪ್ಪುಗಟ್ಟಿಸುತ್ತದೆ. ಮೇಲಿನ ಚರ್ಮಕ್ಕೆ ರಕ್ತ ನಿಂತು ಅದೂ ಸಾಯತೊಡಗುತ್ತದೆ. ಆರಂಭದಲ್ಲಿ ಚರ್ಮದ ಮೇಲೆ ಸ್ವಲ್ಪ ಕೆಂಪು, ಸ್ವಲ್ಪ ಊತ, ಸಹಿಸಲಾಗದ ನೋವು. ಮುಂದೆ ನೇರಳೆ ಬಣ್ಣ, ನೀರುಗುಳ್ಳೆ. ಆಮೇಲೆ ನೋವು ಥಟ್ಟನೆ ಕಡಿಮೆಯಾಗುತ್ತದೆ, ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ನೋವು ಹೋದದ್ದು ಅಲ್ಲಿನ ನರಗಳೂ ಸತ್ತಿದ್ದಕ್ಕೆ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ವೈದ್ಯನಾಗಿದ್ದ ಜೋಸೆಫ್ ಜೋನ್ಸ್ ಇಂಥ 2,642 ಪ್ರಕರಣಗಳ ಲೆಕ್ಕ ಇಟ್ಟಿದ್ದ, ಅವರಲ್ಲಿ ಶೇ. 46ರಷ್ಟು ಜನ ಸತ್ತಿದ್ದರು. ಅರ್ಧ ಶತಮಾನದ ಮೇಲೆ, 1924ರಲ್ಲಿ, ಬೀಜಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಕ್ ಮೆಲೆನಿ 20 ರೋಗಿಗಳ ಬಗ್ಗೆ ಬರೆದ. ಪೆನಿಸಿಲಿನ್ ಇನ್ನೂ ಕಂಡುಹಿಡಿದಿರಲಿಲ್ಲ. ಆತ ಮಾಡಿದ್ದಿಷ್ಟೇ: ಚರ್ಮವನ್ನು ಉದ್ದಕ್ಕೆ ಸೀಳಿ, ಸತ್ತದ್ದನ್ನೆಲ್ಲ ತೆರೆದು ತೆಗೆದ. ಐವರಲ್ಲಿ ನಾಲ್ವರು ಬದುಕಿದರು. ಇಂದು ಎಲ್ಲ ಆಂಟಿಬಯಾಟಿಕ್‌ಗಳೂ ಐಸಿಯುಗಳೂ ಇದ್ದೂ ಈ ರೋಗದಲ್ಲಿ ಸಾಯುವವರು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿದ್ದಾರೆ! ನಮ್ಮ ಕಾಲದ ರೋಗಿಗಳು ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಸೋತವರು ಎಂಬುದು ನಿಜ. ಆದರೂ ಇಲ್ಲಿ ಔಷಧಕ್ಕಿಂತ ಕತ್ತಿ ಮುಖ್ಯ, ಕತ್ತಿಗಿಂತ ಗಡಿಯಾರ ಮುಖ್ಯ ಎಂಬುದನ್ನು ಮೆಲೆನಿಯ ಲೆಕ್ಕ ನೂರು ವರ್ಷದ ಹಿಂದೆಯೇ ತೋರಿಸಿತ್ತು.

ಗಡಿಯಾರ ಏಕೆ ಮುಖ್ಯ ಎಂಬುದಕ್ಕೆ ಹ್ಯಾರಿ ಈಗಲ್ ಎಂಬಾತನ ಇಲಿಗಳು ಉತ್ತರ ಕೊಡುತ್ತವೆ. 1952ರಲ್ಲಿ ಆತ ಇಲಿಗಳ ತೊಡೆಯ ಸ್ನಾಯುವಿಗೆ ಸ್ಟ್ರೆಪ್ಟೊಕಾಕಸ್ ಚುಚ್ಚಿ, ಬೇರೆ ಬೇರೆ ಹೊತ್ತಿನಲ್ಲಿ ಪೆನಿಸಿಲಿನ್ ಕೊಟ್ಟು ನೋಡಿದ. ಕೂಡಲೇ ಕೊಟ್ಟವು ಬದುಕಿದವು. ತಡವಾಗಿ ಕೊಟ್ಟವು, ಎಷ್ಟೇ ಔಷಧ ಸುರಿದರೂ, ಸತ್ತವು. ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದ ತಳಿಯೇನೂ ಆಗಿರಲಿಲ್ಲ. ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ, ಹೊಸ ಗೋಡೆ ಕಟ್ಟುವ ಹೊತ್ತಿನಲ್ಲಿ. ಸಂಖ್ಯೆ ಮಿತಿಮೀರಿದ ಮೇಲೆ ಅವು ಒಡೆಯುವುದನ್ನೇ ನಿಲ್ಲಿಸಿ ಸುಮ್ಮನಿರುತ್ತವೆ, ಔಷಧಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ವಿಷ ಕಾರುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಹೀಗಾಗಿಯೇ ಇಂದು ಪೆನಿಸಿಲಿನ್ ಜೊತೆಗೆ ಕ್ಲಿಂಡಮೈಸಿನ್ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾದ ಪ್ರೋಟೀನು ತಯಾರಿಯನ್ನೇ ತಡೆಯುವುದರಿಂದ ವಿಷದ ಉತ್ಪಾದನೆ ನಿಲ್ಲುತ್ತದೆ, ಅವು ಒಡೆಯುತ್ತಿರಲಿ ಬಿಡಲಿ.

ಸಕ್ಕರೆ ಕಾಯಿಲೆಯವರಲ್ಲಿ ಈ ದಾಳಿ ಒಂದೇ ಬ್ಯಾಕ್ಟೀರಿಯಾದ್ದಾಗಿರುವುದು ಕಡಿಮೆ. ಕರುಳಿನ ನಿವಾಸಿಗಳು, ಚರ್ಮದವು, ಆಮ್ಲಜನಕ ಬೇಡದವು ಎಲ್ಲ ಸೇರಿ ಗುಂಪುಗೂಡಿ ಬರುತ್ತವೆ. ಸಿಂಗಪುರದ ವೈದ್ಯರು 2004ರಲ್ಲಿ ಆರು ರಕ್ತಪರೀಕ್ಷೆಗಳ ಅಂಕಪಟ್ಟಿಯೊಂದನ್ನು ಮಾಡಿ, ಮಾಮೂಲಿ ಚರ್ಮದ ಸೋಂಕಿನಿಂದ ಇದನ್ನು ಬೇರ್ಪಡಿಸಲು ಯತ್ನಿಸಿದರು. ಆರರಲ್ಲಿ ಒಂದು ಗ್ಲೂಕೋಸ್. ಪಟ್ಟಿ ಉಪಯುಕ್ತವೇನೋ ಹೌದು, ಆದರೆ ಅಂಕ ಕಡಿಮೆ ಬಂದವರಲ್ಲೂ ರೋಗ ಇದ್ದದ್ದು ಆಮೇಲೆ ಕಂಡಿದೆ. ಅನುಭವಿ ಶಸ್ತ್ರವೈದ್ಯರು ಕೊನೆಗೆ ನಂಬುವುದು ತಮ್ಮ ಬೆರಳನ್ನೇ. ಅನುಮಾನದ ಜಾಗದಲ್ಲಿ ಮರಗಟ್ಟಿಸಿ ಎರಡು ಸೆಂಟಿಮೀಟರ್ ಸೀಳು ಹಾಕಿ ಬೆರಳಿಳಿಸುತ್ತಾರೆ. ಆರೋಗ್ಯವಂತ ಪೊರೆ ಅಂಟಿಕೊಂಡಿದ್ದು ತಡೆಯೊಡ್ಡುತ್ತದೆ. ಕೊಳೆತದ್ದು ತಡೆಯಿಲ್ಲದೆ ಬಿಟ್ಟುಕೊಡುತ್ತದೆ, ರಕ್ತದ ಬದಲು ಬೂದುಬಣ್ಣದ ತೆಳು ನೀರು ಬರುತ್ತದೆ. ಹೀಗಾದರೆ ಮತ್ತೊಂದು ಸ್ಕ್ಯಾನಿಗೆ ಕಾಯುವಂತಿಲ್ಲ.

ಇದೇ ರೋಗ ಜನನಾಂಗ ಮತ್ತು ಗುದದ ನಡುವಿನ ಜಾಗದಲ್ಲಿ ಬಂದರೆ ಫೂರ್ನಿಯೆ ಗ್ಯಾಂಗ್ರೀನ್ ಎನ್ನುತ್ತಾರೆ. ಪ್ಯಾರಿಸ್ಸಿನ ಫೂರ್ನಿಯೆ 1883ರಲ್ಲಿ ಕಂಡದ್ದು ಕಾರಣವೇ ತಿಳಿಯದೆ ಹಠಾತ್ತನೆ ಬಿದ್ದ ಐವರು ಆರೋಗ್ಯವಂತ ಯುವಕರನ್ನು. ಇಂದು ಆ ಹೆಸರಿನ ರೋಗ ಬರುವ ಬಹಳಷ್ಟು ಜನ ನಡುವಯಸ್ಸು ದಾಟಿದ ಸಕ್ಕರೆ ಕಾಯಿಲೆಯವರು. ಸಂಕೋಚದ ಜಾಗವಾದ್ದರಿಂದ ಮಗ, ಸೊಸೆಗೆ ಹೇಳಲೂ ನಾಚಿ, ಪುಡಿ ಮುಲಾಮು ಹಚ್ಚಿಕೊಂಡು ದಿನ ದೂಡುತ್ತಾರೆ. 2018ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಎಚ್ಚರಿಕೆ ಹೊರಡಿಸಿತು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ಐದು ವರ್ಷಗಳಲ್ಲಿ ಇಂಥ 12 ಪ್ರಕರಣ ಕಂಡಿದ್ದವು: ಏಳು ಗಂಡಸರು, ಐವರು ಹೆಂಗಸರು. ಆ ಮಾತ್ರೆಗಳನ್ನು ಅಲ್ಲಿ ಲಕ್ಷಾಂತರ ಜನ ನುಂಗುತ್ತಿದ್ದರು. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಮಾಡುವ ಉಪಕಾರ ದೊಡ್ಡದು, ನಮ್ಮಲ್ಲೂ ಈಗ ಅಗ್ಗವಾಗಿ ಸಿಗುತ್ತವೆ. ಈ ಸುದ್ದಿ ಕೇಳಿ ಮಾತ್ರೆ ಬಿಟ್ಟುಬಿಡುವುದು ಮೂರ್ಖತನ. ಆ ಜಾಗದಲ್ಲಿ ನೋವು, ಊತ, ಜ್ವರ ಒಟ್ಟಿಗೆ ಬಂದರೆ ನಾಚಿಕೆ ಬಿಟ್ಟು ಅದೇ ದಿನ ತೋರಿಸುವುದು ವಿವೇಕ.

ಗ್ಯಾಸ್ ಗ್ಯಾಂಗ್ರೀನ್ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಗೊಬ್ಬರ ಬೆರೆತ ಹೊಲದ ಮಣ್ಣು ಗಾಯಕ್ಕೆ ಸೇರಿ, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಸೈನಿಕರ ಸ್ನಾಯುವನ್ನು ಗಂಟೆಗಂಟೆಗೂ ಕರಗಿಸುತ್ತಿದ್ದ ಕಥೆ ಹಲವರಿಗೆ ಗೊತ್ತು. ಒತ್ತಿದರೆ ಚರ್ಮದಡಿಯ ಗಾಳಿ ಚರಚರ ಎನ್ನುತ್ತದೆ. ಗೊತ್ತಿರಬೇಕಾದ ಇನ್ನೊಂದು ಸಂಗತಿಯೆಂದರೆ, ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಎಂಬ ಜಾತಿ ಗಾಯವೇ ಇಲ್ಲದೆ, ಕರುಳಿನಿಂದ ರಕ್ತಕ್ಕೆ ನುಸುಳಿ ಸ್ನಾಯು ಸೇರಬಲ್ಲದು. ಹಾಗಾದವರಲ್ಲಿ ಹಲವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಇರುವುದು ಬಳಿಕ ಪತ್ತೆಯಾಗುತ್ತದೆ. ಕಾಲು ಉಳಿಸಿ ಕಳಿಸುವ ಮುನ್ನ ಕರುಳನ್ನೂ ನೋಡಬೇಕು ಎಂಬುದು ಅದರ ಪಾಠ.

ಇನ್ನುಳಿದದ್ದು ನಮ್ಮ ಕರಾವಳಿಯ ಮಣ್ಣಿನಲ್ಲೇ ಇರುವ ರೋಗ. ರಂಗೂನಿನ ಆಸ್ಪತ್ರೆಯಲ್ಲಿ 1911ರಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಆತನ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ ಶವಪರೀಕ್ಷೆ ಮಾಡುತ್ತಿದ್ದಾಗ, ಬೀದಿಬದಿಯ ಮಾರ್ಫಿನ್ ವ್ಯಸನಿಗಳ ದೇಹದ ತುಂಬ ವಿಚಿತ್ರ ಕೀವುಗಂಟುಗಳು ಕಂಡವು. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದಂತೆಯೇ ತೋರಿದರೂ ಬ್ಯಾಕ್ಟೀರಿಯಾ ಬೇರೆಯಾಗಿತ್ತು. ಇದೀಗ ಅದರ ಹೆಸರು ಬರ್ಕ್‌ಹೋಲ್ಡೇರಿಯಾ ಸೂಡೋಮ್ಯಾಲಿಯೈ, ರೋಗದ ಹೆಸರು ಮೆಲಿಯೊಯ್ಡೋಸಿಸ್. ಬಹುಕಾಲ ಅದನ್ನು ವಿಟ್‌ಮೋರನ ರೋಗ ಎಂದೂ ಕರೆಯುತ್ತಿದ್ದರು; ಕೃಷ್ಣಸ್ವಾಮಿಯ ಹೆಸರನ್ನು ಯಾರೂ ಇಡಲಿಲ್ಲ, ಅದು ಆ ಕಾಲದ ರೀತಿ.

ಈ ಬ್ಯಾಕ್ಟೀರಿಯಾ ಇರುವುದು ಗದ್ದೆಯ ಕೆಸರಿನಲ್ಲಿ, ನಿಂತ ನೀರಿನಲ್ಲಿ. ಮಳೆ ಹಿಡಿದಾಗ ಮಣ್ಣಿನ ಒಳಪದರದಿಂದ ಮೇಲಕ್ಕೆ ಬರುತ್ತದೆ. ಕಾಲಿನ ಸಣ್ಣ ಗೀರಿನಿಂದಲೋ, ಬಿರುಗಾಳಿ ಮಳೆಯ ತುಂತುರನ್ನು ಉಸಿರಾಡುವಾಗಲೋ ಮೈಸೇರುತ್ತದೆ. ಥಾಯ್ಲೆಂಡಿನ ಈಶಾನ್ಯ ಭಾಗ ಮತ್ತು ಉತ್ತರ ಆಸ್ಟ್ರೇಲಿಯಾ ಇದಕ್ಕೆ ಹೆಸರಾದ ತವರುಗಳು. ಆದರೆ 2016ರಲ್ಲಿ ಪ್ರಕಟವಾದ ಅಂದಾಜೊಂದು ಲೋಕದಲ್ಲಿ ವರ್ಷಕ್ಕೆ 1,65,000 ಜನರಿಗೆ ಈ ರೋಗ ತಗಲಿ 89,000 ಜನ ಸಾಯುತ್ತಾರೆಂದೂ, ಅದರಲ್ಲಿ ಶೇ. 44ರಷ್ಟು ಹೊರೆ ದಕ್ಷಿಣ ಏಷ್ಯಾದ್ದೆಂದೂ ಲೆಕ್ಕ ಹಾಕಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ಉಡುಪಿ ಸುತ್ತಮುತ್ತಲ ರೋಗಿಗಳಲ್ಲಿ ಇದನ್ನು ಮತ್ತೆ ಮತ್ತೆ ಪತ್ತೆ ಹಚ್ಚಿ ಬರೆದದ್ದರಿಂದಲೇ ಈ ರೋಗ ಕರಾವಳಿ ಕರ್ನಾಟಕದಲ್ಲಿ ಇದೆ ಎಂಬುದು ಹೊರಜಗತ್ತಿಗೆ ತಿಳಿಯಿತು. ಹುಡುಕಿದಲ್ಲಿ ಸಿಗುತ್ತದೆ, ಹುಡುಕದ ಊರುಗಳಲ್ಲಿ ಇಲ್ಲವೆಂದಾಗುತ್ತದೆ.

ಇಲ್ಲಿಯೂ ಸಕ್ಕರೆ ಕಾಯಿಲೆಯೇ ಬಾಗಿಲು ತೆರೆಯುವುದು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಮೊದಲೇ ಇರುತ್ತದೆ. ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವ ಆರೋಗ್ಯವಂತರ ಮೈಗೂ ಬ್ಯಾಕ್ಟೀರಿಯಾ ಹೊಗುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರ ಮಂಪರು ಹಿಡಿದ ಬಿಳಿಕಣ ಅದನ್ನು ನುಂಗುತ್ತದೆ, ಆದರೆ ಕೊಲ್ಲಲಾರದೆ ಹೊಟ್ಟೆಯಲ್ಲೇ ಸಾಕುತ್ತದೆ. ಒಳಗೇ ಬೆಳೆದ ಬ್ಯಾಕ್ಟೀರಿಯಾ ಪಕ್ಕದ ಕೋಶಕ್ಕೆ ತಳ್ಳಿಕೊಂಡು ಹೋಗುತ್ತದೆ. ಶ್ವಾಸಕೋಶ, ಗುಲ್ಮ, ಯಕೃತ್ತು, ಮೂಳೆ, ಕೀಲು, ತೊಡೆಯ ಸ್ನಾಯು, ಎಲ್ಲಿ ಬೇಕಾದರೂ ಕೀವುಗಂಟು ಕಟ್ಟುತ್ತದೆ. ತಿಂಗಳುಗಟ್ಟಲೆ ಜ್ವರ, ಕೆಮ್ಮು, ತೂಕ ಇಳಿಕೆ ಕಂಡು ಕ್ಷಯವೆಂದು ಮಾತ್ರೆ ಶುರುಮಾಡಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳ ತುಂಬ ಇವೆ.

ಕೆಸರಿಗಿಳಿಯುವಾಗ ಗಮ್‌ಬೂಟು ಹಾಕಿಕೊಳ್ಳಿ ಎಂಬುದು ಥಾಯ್ಲೆಂಡಿನಿಂದ ಬಂದ ಸಲಹೆ. ಮೊಣಕಾಲುದ್ದ ಕೆಸರಿನಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತ ನೇಜಿ ನೆಡುವ ಹೆಂಗಸಿಗೆ ಬೂಟು ಹಾಕಿಕೊಂಡು ನೆಟ್ಟು ನೋಡಿ ಎಂದರೆ ಆಕೆ ನಕ್ಕಾಳು. ಕಾಲಿನ ಗಾಯಕ್ಕೆ ನೀರು ಹೋಗದಂತೆ ಪಟ್ಟಿ ಕಟ್ಟುವುದು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಶುದ್ಧ ನೀರಿನಲ್ಲಿ ತೊಳೆಯುವುದು, ಶುಗರ್ ಹತೋಟಿಯಲ್ಲಿಲ್ಲದವರು ನಾಟಿಯ ದಿನಗಳಲ್ಲಾದರೂ ಗದ್ದೆಗಿಳಿಯದಿರುವುದು, ಇಷ್ಟು ಆಗಬಹುದಾದ ಮಾತು.

ಪತ್ತೆಯ ಹಂತದಲ್ಲಿ ಎಡವುವುದು ಬಹುಪಾಲು ಲ್ಯಾಬಿನಲ್ಲಿ. ರಕ್ತವನ್ನೋ ಕೀವನ್ನೋ ಕಲ್ಚರ್‌ಗೆ ಇಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆದರೆ ನೋಡಿ ಅಭ್ಯಾಸವಿಲ್ಲದವರು ಅದನ್ನು ಸ್ಯೂಡೋಮೊನಾಸ್ ಎಂದು ಬರೆದುಬಿಡುತ್ತಾರೆ. ಅಭ್ಯಾಸವಿದ್ದವರಿಗೆ ಸುಕ್ಕುಸುಕ್ಕಾದ ಅದರ ಕಾಲನಿಯೂ, ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದ ಅದರ ಸ್ವಭಾವವೂ ಗುರುತು ಹೇಳಿಕೊಡುತ್ತವೆ. ಇನ್ನೊಂದು ತೊಡಕು, ಕಲ್ಚರ್‌ಗೆ ಮಾದರಿ ತೆಗೆಯುವ ಮೊದಲೇ ಆಂಟಿಬಯಾಟಿಕ್ ಕೊಟ್ಟಿರುವುದು. ಜೀವ ಹೋಗುವಂತಿದ್ದರೆ ಔಷಧ ತಡೆಯಬಾರದು, ಸರಿ. ಆದರೆ ರಕ್ತದ ಮಾದರಿ ತೆಗೆಯಲು ಬೇಕಾಗುವುದು ಐದೇ ನಿಮಿಷ.

ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಥಾಯ್ಲೆಂಡಿನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಔಷಧಗಳ ಬದಲು ಸೆಫ್ಟಾಜಿಡಿಮ್ ಕೊಟ್ಟಾಗ ತೀವ್ರ ರೋಗದವರ ಸಾವಿನ ಪ್ರಮಾಣ ಶೇ. 74ರಿಂದ 37ಕ್ಕೆ ಇಳಿದಿತ್ತು. ಈಗ ಮೊದಲ ಎರಡು ವಾರ, ಸ್ನಾಯು ಮೂಳೆಗಳಲ್ಲಿ ಕೀವಿದ್ದರೆ ಇನ್ನೂ ಹೆಚ್ಚು ದಿನ, ಆ ಔಷಧವನ್ನೋ ಮೆರೊಪೆನಮ್ ಅನ್ನೋ ನರಕ್ಕೆ ಕೊಡುತ್ತಾರೆ. ದೊಡ್ಡ ಬಾವುಗಳ ಕೀವನ್ನು ಹೊರತೆಗೆಯುತ್ತಾರೆ. ಆಮೇಲೆ ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆ. ಅದನ್ನು ಮೊದಲು 20 ವಾರ ನುಂಗಬೇಕಿತ್ತು, ಈಗ ಬಹುತೇಕರಿಗೆ 12 ವಾರ ಸಾಕು ಎನ್ನುತ್ತಾರೆ. ಹೆಚ್ಚಿನವರಿಗೆ ತಿಂಗಳಾಗುವಷ್ಟರಲ್ಲಿ ಜ್ವರ ಬಿಟ್ಟು, ಹಸಿವು ಮರಳಿ, ಮೈ ತುಂಬಿಕೊಳ್ಳತೊಡಗುತ್ತದೆ. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ತಪ್ಪುತ್ತದೆ. ರೋಗ ಹೋಯಿತೆಂದುಕೊಂಡು ಮಾತ್ರೆ ನಿಲ್ಲಿಸುವ ಮನಸ್ಸಾಗುವುದು ಆಗಲೇ. ರೋಗ ಮರುಕಳಿಸಿದವರನ್ನು ಥಾಯ್ಲೆಂಡಿನ ವೈದ್ಯರು ವಿಚಾರಿಸಿ ನೋಡಿದಾಗ ಎದ್ದು ಕಂಡ ಕಾರಣವೂ ಅದೇ: ಮಾತ್ರೆಯನ್ನು ನಡುವೆಯೇ ಬಿಟ್ಟಿದ್ದು.